ಮಾರಿಗೆ ಹಂಚು

‘ಹಂಚು’ ಅಂದರೆ ಮಲೆನಾಡಿನವರು ತಲೆ ಎತ್ತಿ ಸೂರು ನೋಡುತ್ತಾರೆ. ವಿಜಯಪುರದ ನಾವು ಬಗ್ಗಿ ಒಲೆ ನೋಡುತ್ತೇವೆ. ಮಾಳಿಗೆ ಮನೆಗಳ ಸೀಮೆ ನಮ್ಮದು, ಹಂಚು ಹೊದಿಸಿಕೊಳ್ಳುವಷ್ಟು ಮಳೆ ಎಲ್ಲಿ ಬಂತು? ನಮ್ಮ ಹಂಚು ರೊಟ್ಟಿ ಬೇಯಿಸುವಂಥದ್ದು. ಮೊದಲು ಕುಂಬಾರ ಮಾಡಿದ್ದು, ಈಗ ಕಬ್ಬಿಣದ್ದು. ಮಣ್ಣು ಹೋಯಿತು, ಹೆಸರು ಉಳಿಯಿತು.

ಹೆಣ್ಣಿನ ಹೆಸರಾಗಿಯೂ ಈ ಮಾತು ಒಂದು ಕಥೆಯಲ್ಲಿದೆ. ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಮಾಡಿದ್ದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ‘ಹಂಚಿ’ ಅದು. ತಂಗಿಯ ಬಂಗಾರದ ಕೂದಲಿಗೆ ಒಡಹುಟ್ಟಿದ ಅಣ್ಣನೇ ಮರುಳಾಗುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡಿಸಿ ಊರು ಬಿಡಿಸುತ್ತಾಳೆ. ಹಂಚಿನ ಮುಖದವಳು, ಹಂಚಿ. ಅಲನ್ ಡಂಡೆಸ್ 1982ರಲ್ಲಿ ತಂದ ಸಿಂಡ್ರೆಲಾ ಕುರಿತ ಪುಸ್ತಕದಲ್ಲಿ ನಮ್ಮ ಈ ಹುಡುಗಿಗೂ ಜಾಗ ಸಿಕ್ಕಿತು.

1697ರಲ್ಲಿ ಪೆರೋ ಬರೆದ ಫ್ರೆಂಚ್ ಹುಡುಗಿಯ ಹೆಸರು ಬೂದಿಯಿಂದ ಬಂದದ್ದು. 1812ರ ಗ್ರಿಮ್ ಸೋದರರ ಜರ್ಮನ್ ಹುಡುಗಿಯದೂ ಬೂದಿಯೇ. ನಮ್ಮವಳದು ಹಂಚು. ಇಂಗ್ಲಿಷಿನಲ್ಲಿ ಓದಿದವರಿಗೆ ಅದು ಬರೀ ಮಣ್ಣಿನ ಬಿಲ್ಲೆ. ನಮ್ಮ ಕಡೆಯ ಕಿವಿಗೆ ಬಿದ್ದರೆ ಹಂಚು ಬೂದಿಯ ಮೇಲೆ ಒಂದೇ ಗೇಣು ಎತ್ತರದಲ್ಲಿ ಕೂತಿದೆ! ಕಥೆ ಕಟ್ಟಿದವರು ಇದನ್ನು ಎಣಿಸಿದ್ದರು ಅಂತ ನಾನು ವಾದಿಸುವುದಿಲ್ಲ. ಆದರೆ ಇಂಥ ಕಥೆ ಹೇಳುವವರೂ ಕೇಳುವವರೂ ಕೂತಿರುತ್ತಿದ್ದದ್ದು ಅಡುಗೆಮನೆಯಲ್ಲೇ ತಾನೆ.

ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವ ಮಗಳನ್ನು ಕರೆದುಕೊಂಡು ಮೊನ್ನೆ ತಿಕೋಟಾಕ್ಕೆ ಹೋಗಿದ್ದೆ. ಅಲ್ಲಿ ನಮ್ಮ ದೊಡ್ಡವ್ವ ಇದ್ದಾಳೆ, ಬಬಲೇಶ್ವರದಿಂದ ಸೊಸೆಯಾಗಿ ಬಂದಾಕೆ. ರೊಟ್ಟಿ ಬಡಿಯುತ್ತಿದ್ದವಳ ಎದುರು ಕೂತು ಮಗಳು ಹಂಚಿಯ ಕಥೆ ಹೇಳಿದಳು. 1893ರಷ್ಟು ಹಿಂದೆಯೇ ಮೇರಿಯನ್ ಕಾಕ್ಸ್ ಎಂಬಾಕೆ ಇಂಥ 345 ಕಥೆ ಕೂಡಿಹಾಕಿದ್ದನ್ನೂ ಹೇಳಿದಳು. ದೊಡ್ಡವ್ವ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ಅಂಚು ಏಳುವವರೆಗೆ ಕಾದಳು, ತಿರುವಿ ಹಾಕಿದಳು.

“ಅಲ್ಲವಾ, ಮಾರಿಗಿ ಹಂಚ ಕಟಗೊಂಡು ಒಲಿ ಮುಂದ ಕುಂತ್ರ ಸುಡೂದಿಲ್ಲೇನ ಆಕಿಗೆ?”

ಮಗಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ರೊಟ್ಟಿ ಉಬ್ಬಿತು.

“ತಗೋರಿ, ಬಿಸೀದು ಇದೊಂದ ಐತಿ. ಇಬ್ರೂ ಹಂಚ್ಕೊಂಡು ತಿನ್ರಿ.”