ಸೂಕ್ಷ್ಮ ಕಣಗಳು ಮತ್ತು ಬೆಳೆಯುವ ಶ್ವಾಸಕೋಶ: ಬೆಂಗಳೂರಿನ ಗಾಳಿಯನ್ನು ಅಳೆಯಬೇಕಾದ ಬಗೆ

ಸಾರಾಂಶ

ಬೆಂಗಳೂರಿನ ಕಣಮಾಲಿನ್ಯವನ್ನು ದೆಹಲಿಯದರ ಪಕ್ಕದಲ್ಲಿಟ್ಟು ಅದು ಅಷ್ಟೇನೂ ಅಪಾಯಕಾರಿಯಲ್ಲ ಎನ್ನುವುದು ರೂಢಿಯಾಗಿದೆ. ಈ ತೀರ್ಮಾನವನ್ನು ಶ್ವಾಸಾಂಗದ ರಚನೆ ಮತ್ತು ಲಭ್ಯ ಅಧ್ಯಯನಗಳ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಮಧ್ಯಮ ಮಟ್ಟದ ಮಾಲಿನ್ಯವೂ ಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲದು. ಆದ್ದರಿಂದ ನಗರದ ಗಾಳಿಯ ಸುಧಾರಣೆಯನ್ನು ಒರಟು ಧೂಳಿನಿಂದಲ್ಲ, ಪಿಎಂ 2.5 ಕಣಗಳಿಂದ ಅಳೆಯಬೇಕು ಎಂದು ಇಲ್ಲಿ ವಾದಿಸಲಾಗಿದೆ.

ಪ್ರಮುಖ ಪದಗಳು: ಕಣಮಾಲಿನ್ಯ, ಪಿಎಂ 2.5, ವಾಯುಕೋಶ, ಉರಿಯೂತ, ಮಕ್ಕಳ ಶ್ವಾಸಕೋಶ, ಬೆಂಗಳೂರು

1. ಪೀಠಿಕೆ

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಗಾಳಿಯಲ್ಲಿ ಪಿಎಂ 2.5, ಅಂದರೆ 2.5 ಮೈಕ್ರೊಮೀಟರ್ ಮೀರದ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನಮೀಟರಿಗೆ 5 ಮೈಕ್ರೊಗ್ರಾಂ ಮೀರಬಾರದು. ಭಾರತ 2009ರಲ್ಲಿ ಗೊತ್ತುಪಡಿಸಿದ ಮಿತಿ 40 ಮೈಕ್ರೊಗ್ರಾಂ. ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಂಟು ಪಟ್ಟು. ಬೆಂಗಳೂರಿನ ಸರಾಸರಿ ಸಾಮಾನ್ಯವಾಗಿ ಈ ಅಂತರದೊಳಗೇ ಬರುತ್ತದೆ: ದೇಶದ ಮಿತಿಯೊಳಗೆ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಎಷ್ಟೋ ಮೇಲೆ. ಹೀಗೆ ಕಾಗದದ ಮೇಲೆ ನಿಯಮಬದ್ಧವಾಗಿರುವ ಗಾಳಿ ಉಸಿರಾಡುವವರ ದೇಹದಲ್ಲಿ ಏನು ಮಾಡುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

2. ಗಾತ್ರ ಮತ್ತು ತಲುಪುವ ತಾಣ

ಕಣವೊಂದು ಶ್ವಾಸಮಾರ್ಗದ ಯಾವ ಹಂತದವರೆಗೆ ಹೋಗುತ್ತದೆ ಎಂಬುದನ್ನು ಮುಖ್ಯವಾಗಿ ಅದರ ಗಾತ್ರ ನಿರ್ಧರಿಸುತ್ತದೆ. ಹತ್ತು ಮೈಕ್ರೊಮೀಟರಿಗಿಂತ ದೊಡ್ಡ ಧೂಳಿನ ಬಹುಭಾಗವನ್ನು ಮೂಗು ಮತ್ತು ಗಂಟಲೇ ತಡೆಯುತ್ತವೆ. ಅದಕ್ಕಿಂತ ತುಸು ಸಣ್ಣ ಕಣಗಳು ಗಾಳಿಯ ತಿರುವಿನಲ್ಲಿ ತಿರುಗಲಾರದೆ ಶ್ವಾಸನಾಳದ ಕವಲುಗಳ ಗೋಡೆಗೆ ಬಡಿದು ಲೋಳೆಗೆ ಅಂಟಿಕೊಳ್ಳುತ್ತವೆ. ಅಲ್ಲಿನ ಸೂಕ್ಷ್ಮ ಲೋಮಾಂಗಗಳು ಆ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಕೆಮ್ಮಿನೊಂದಿಗೆ ಅದು ಹೊರಬೀಳುತ್ತದೆ ಅಥವಾ ಹೊಟ್ಟೆಗೆ ಇಳಿಯುತ್ತದೆ.

ಪಿಎಂ 2.5 ಕಣಗಳದು ಬೇರೆಯೇ ದಾರಿ. ತಲೆಗೂದಲಿನ ದಪ್ಪದ ಇಪ್ಪತ್ತೈದನೇ ಒಂದು ಭಾಗದಷ್ಟೂ ಇಲ್ಲದ ಇವುಗಳಲ್ಲಿ ಗಣನೀಯ ಪಾಲು ವಾಯುಕೋಶಗಳವರೆಗೆ ಹೋಗುತ್ತದೆ. ವಾಯುಕೋಶಗಳಲ್ಲಿ ಲೋಮಾಂಗಗಳಿಲ್ಲ. ರಕ್ತಕ್ಕೂ ಗಾಳಿಗೂ ನಡುವಿನ ಪೊರೆ ಅಲ್ಲಿ ಒಂದು ಮೈಕ್ರೊಮೀಟರಿಗಿಂತಲೂ ತೆಳು. ಪ್ರಾಣವಾಯು ಸುಲಭವಾಗಿ ದಾಟಲೆಂದು ರೂಪುಗೊಂಡ ಆ ತೆಳುತನವೇ ಇಲ್ಲಿ ಅಪಾಯದ ಮೂಲ. ವಾಹನಗಳ ಹೊಗೆಯಲ್ಲಿ ಹೇರಳವಾಗಿರುವ, 0.1 ಮೈಕ್ರೊಮೀಟರಿಗಿಂತ ಸಣ್ಣ ಕಣಗಳಲ್ಲಿ ಕೆಲವು ರಕ್ತವನ್ನೂ ಸೇರಬಲ್ಲವು.

3. ಉರಿಯೂತದ ಹಾದಿ

ವಾಯುಕೋಶಕ್ಕೆ ಬಂದ ಕಣವನ್ನು ಮ್ಯಾಕ್ರೊಫೇಜ್ ಎಂಬ ಭಕ್ಷಕ ಜೀವಕೋಶಗಳು ನುಂಗುತ್ತವೆ. ಆದರೆ ಡೀಸೆಲ್ ಮಸಿಯಂಥ ಕಣ ಬರಿಯ ಇಂಗಾಲವಲ್ಲ. ಅದರ ಮೈಗೆ ಲೋಹದ ಅಂಶಗಳೂ ಸಾವಯವ ರಾಸಾಯನಿಕಗಳೂ ಅಂಟಿರುತ್ತವೆ. ಇವು ಜೀವಕೋಶದಲ್ಲಿ ಉತ್ಕರ್ಷಣ ಒತ್ತಡವನ್ನು ಹುಟ್ಟಿಸುತ್ತವೆ; ಭಕ್ಷಕ ಕೋಶಗಳು ಉರಿಯೂತದ ಸಂಕೇತಗಳನ್ನು ಬಿಡುಗಡೆ ಮಾಡುತ್ತವೆ. ಈ ಕ್ರಿಯೆ ಒಮ್ಮೆ ನಡೆದು ನಿಂತರೆ ಅಂಗಾಂಶ ಚೇತರಿಸಿಕೊಳ್ಳುತ್ತದೆ. ದಿನವೂ ನಡೆದರೆ ಶ್ವಾಸನಾಳದ ಗೋಡೆ ದಪ್ಪವಾಗುತ್ತದೆ, ಅಸ್ತಮಾ ಕೆರಳುತ್ತದೆ, ವಯಸ್ಕರಲ್ಲಿ ಸಿಒಪಿಡಿ ಎಂಬ ದೀರ್ಘಕಾಲಿಕ ಶ್ವಾಸಕೋಶ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2013ರಲ್ಲಿ ಕಣಮಾಲಿನ್ಯವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು. ಚಾರ್ಲ್ಸ್ ಸ್ವಾಂಟನ್ ಅವರ ತಂಡ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಷಯಕ್ಕೆ ಹೊಸ ಸ್ಪಷ್ಟತೆ ತಂದಿದೆ. ಮೊದಲೇ ಇಜಿಎಫ್‌ಆರ್ ಎಂಬ ಜೀನಿನ ರೂಪಾಂತರ ಹೊತ್ತು ಸುಮ್ಮನಿದ್ದ ಜೀವಕೋಶಗಳನ್ನು ಸೂಕ್ಷ್ಮ ಕಣಗಳಿಂದಾದ ಉರಿಯೂತವೇ ಗೆಡ್ಡೆಯತ್ತ ದೂಡಬಲ್ಲದು ಎಂದು ಅದು ತೋರಿಸಿತು. ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದಕ್ಕೆ ಇದೊಂದು ಬಲವಾದ ವಿವರಣೆ.

4. ಮಕ್ಕಳ ಶ್ವಾಸಕೋಶ: ಕ್ಯಾಲಿಫೋರ್ನಿಯಾದ ಪುರಾವೆ

ಮಕ್ಕಳು ತಮ್ಮ ತೂಕದ ಲೆಕ್ಕದಲ್ಲಿ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತಾರೆ. ಅವರ ಶ್ವಾಸಕೋಶ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಿರುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹನ್ನೆರಡು ಊರುಗಳ ಮಕ್ಕಳನ್ನು 10ರಿಂದ 18ನೇ ವಯಸ್ಸಿನವರೆಗೆ ಗಮನಿಸಿದ ಅಧ್ಯಯನದ ಫಲಿತಾಂಶ 2004ರಲ್ಲಿ ಹೊರಬಂತು. ಮೊದಲ ಸೆಕೆಂಡಿನಲ್ಲಿ ಬಲವಾಗಿ ಹೊರಹಾಕಬಲ್ಲ ಉಸಿರು ನಿರೀಕ್ಷಿತ ಮಟ್ಟದ ಶೇ 80ಕ್ಕಿಂತ ಕಡಿಮೆ ಇದ್ದವರು, ಪಿಎಂ 2.5 ಅತಿ ಕಡಿಮೆ ಇದ್ದ ಊರಿನಲ್ಲಿ ಶೇ 1.6ರಷ್ಟು, ಅತಿ ಹೆಚ್ಚು ಇದ್ದ ಊರಿನಲ್ಲಿ ಶೇ 7.9ರಷ್ಟು.

ಆ ಅತಿ ಹೆಚ್ಚಿನ ಮಟ್ಟವೂ ಘನಮೀಟರಿಗೆ 30 ಮೈಕ್ರೊಗ್ರಾಂನ ಆಸುಪಾಸಿನದು. ಅಂದರೆ ಭಾರತದ ಮಿತಿಯೊಳಗೇ ಇದ್ದದ್ದು. ಎರಡೂ ಕಡೆಯ ಗಾಳಿಯ ಘಟಕಗಳು ಒಂದೇ ಅಲ್ಲ. ಅಲ್ಲಿ ನೈಟ್ರೋಜನ್ ಡೈಆಕ್ಸೈಡಿನ ಪಾತ್ರವೂ ಕಂಡುಬಂದಿದೆ. ಹಾಗಾಗಿ ಆ ಅಂಕಿಗಳನ್ನು ಯಥಾವತ್ತಾಗಿ ನಮ್ಮ ನಗರಗಳಿಗೆ ಅನ್ವಯಿಸಲಾಗದು. ಆದರೆ ನಾವು ಸಹ್ಯವೆಂದುಕೊಂಡ ಮಟ್ಟದಲ್ಲೇ ಬೆಳವಣಿಗೆ ಕುಗ್ಗಬಹುದೆಂಬ ಎಚ್ಚರಿಕೆಯನ್ನು ಕಡೆಗಣಿಸಲೂ ಆಗದು.

5. ಬೆಂಗಳೂರಿನ ಅಂಕಿಗಳು

ಬೆಂಗಳೂರೂ ಸೇರಿ ದೇಶದ ಹತ್ತು ನಗರಗಳಲ್ಲಿ 2008ರಿಂದ 2019ರವರೆಗಿನ ಸಾವುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2024ರಲ್ಲಿ ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಿಎಂ 2.5 ಪ್ರಮಾಣ 10 ಮೈಕ್ರೊಗ್ರಾಂ ಏರಿದಾಗ ಹತ್ತೂ ನಗರಗಳ ದೈನಂದಿನ ಸಾವುಗಳು ಒಟ್ಟಾರೆ ಶೇ 1.42ರಷ್ಟು ಹೆಚ್ಚಿದವು. ಬೆಂಗಳೂರಿನಲ್ಲಿ ಈ ಏರಿಕೆ ಶೇ 3.06, ದೆಹಲಿಯಲ್ಲಿ ಶೇ 0.31. ಮಾಲಿನ್ಯದ ಕೆಳಹಂತದಲ್ಲಿ ಅಪಾಯದ ರೇಖೆ ಕಡಿದಾಗಿ ಏರಿ, ಮೇಲ್ಹಂತದಲ್ಲಿ ಮಂದವಾಗುತ್ತದೆ ಎಂಬುದು ಇದರ ಒಂದು ಅರ್ಥ. ದೆಹಲಿ ಸುರಕ್ಷಿತ ಎಂದು ಇದರಿಂದ ಹೇಳಲಾಗದು. ಬೆಂಗಳೂರಿನಂಥ ನಗರದಲ್ಲಿ ಸ್ವಲ್ಪ ಏರಿಕೆಯೂ ದುಬಾರಿ, ಸ್ವಲ್ಪ ಇಳಿಕೆಯೂ ಬಹಳ ಜೀವ ಉಳಿಸಬಲ್ಲದು ಎಂದು ಖಂಡಿತ ಹೇಳಬಹುದು.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಮತ್ತು ಕಲಬುರಗಿ ಸೇರಿವೆ. ನಗರಗಳ ಸಾಧನೆಯನ್ನು ಅಲ್ಲಿ ಮುಖ್ಯವಾಗಿ ಒರಟು ಧೂಳೂ ಸೇರಿದ ಪಿಎಂ 10ರ ಇಳಿಕೆಯಿಂದ ಅಳೆಯಲಾಗುತ್ತದೆ. ಹೀಗಾಗಿ ರಸ್ತೆ ಗುಡಿಸುವುದು, ನೀರು ಚಿಮುಕಿಸುವುದು ಸುಲಭದ ಸಾಧನೆಗಳಾಗುತ್ತವೆ. ವಾಹನದ ಹೊಗೆ, ಡೀಸೆಲ್ ಜನರೇಟರ್, ಬೀದಿಬದಿಯಲ್ಲಿ ಸುಡುವ ಕಸ ಇವುಗಳಿಂದ ಹುಟ್ಟುವ ಸೂಕ್ಷ್ಮ ಕಣಗಳು ಆ ಲೆಕ್ಕದಲ್ಲಿ ಹಿಂದೆ ಸರಿಯುತ್ತವೆ.

6. ಉಪಸಂಹಾರ

ಕ್ಯಾಲಿಫೋರ್ನಿಯಾದ ಅಧ್ಯಯನಕ್ಕೆ ಮುಂದುವರಿಕೆಯೂ ಇದೆ. ಹೊಗೆಯ ನಿಯಮಗಳು ಬಿಗಿಯಾಗಿ ಗಾಳಿ ಸುಧಾರಿಸಿದ ಮೇಲೆ, ಅಲ್ಲಿನ ಐದು ಊರುಗಳಲ್ಲಿ ದುರ್ಬಲ ಶ್ವಾಸಕೋಶವಿದ್ದ 15 ವರ್ಷದ ಮಕ್ಕಳ ಪ್ರಮಾಣ 1990ರ ದಶಕದ ಶೇ 7.9ರಿಂದ 2007–11ರ ಅವಧಿಗೆ ಶೇ 3.6ಕ್ಕೆ ಇಳಿಯಿತು ಎಂದು 2015ರ ವರದಿ ದಾಖಲಿಸಿದೆ. ಇದು ಔಷಧದಿಂದಲ್ಲ, ನೀತಿಯಿಂದ ಆದ ಗುಣ.

ಆದ್ದರಿಂದ ಎರಡು ಕೆಲಸ ತುರ್ತಾಗಿ ಆಗಬೇಕು. ಮೊದಲನೆಯದು, ನಗರಗಳ ಸಾಧನೆಯನ್ನು ಪಿಎಂ 2.5ರಿಂದ ಅಳೆಯುವುದು. ಎರಡನೆಯದು, ಶಾಲಾ ಮಕ್ಕಳ ಉಸಿರಿನ ಸಾಮರ್ಥ್ಯವನ್ನು ವರ್ಷಕ್ಕೊಮ್ಮೆ ಸ್ಪೈರೋಮೀಟರಿನಿಂದ ಅಳೆದು ದಾಖಲಿಸುವುದು. ಶ್ವಾಸಕೋಶ ಬೆಳೆಯುವ ವರ್ಷಗಳು ಮತ್ತೆ ಬರುವುದಿಲ್ಲ. ನೀತಿ ತಡವಾದಷ್ಟೂ ಅದರ ಬೆಲೆಯನ್ನು ಮಕ್ಕಳು ಜೀವನಪೂರ್ತಿ ತೆರಬೇಕಾಗುತ್ತದೆ.