ಬಿಸಿಲಿಗೊಂದು ತಕ್ಕಡಿ

ಸಿಂದಗಿ ಸೀಮೆಯ ಕನ್ನೊಳ್ಳಿಯಲ್ಲಿ ಏಪ್ರಿಲ್ ತಿಂಗಳ ನಡುಹಗಲು ಹೊಲದ ಬದುವಿನ ಮೇಲೆ ನಿಂತವರನ್ನು ಬಿಸಿಲು ಎಷ್ಟಿದೆಯೆಂದು ಕೇಳಿದರೆ, ನೆತ್ತಿ ಸುಡುವಷ್ಟಿದೆ ಎಂದಾರು. ಅನುಭವಕ್ಕೆ ಆ ಮಾತು ಸಾಕು, ಲೆಕ್ಕಕ್ಕೆ ಸಾಲದು. ಬಾನುಲಿಯ ಹವಾ ವರದಿಯಲ್ಲಿ ನಾವು ಕೇಳುವ ಉಷ್ಣಾಂಶವೂ ಇದಕ್ಕೆ ಉತ್ತರವಲ್ಲ. ಅದು ನೆರಳಿನ ಪೆಟ್ಟಿಗೆಯೊಳಗಿಟ್ಟ ಮಾಪಕ ತೋರುವ ಗಾಳಿಯ ಕಾವು. ಹಾಗಾದರೆ ಬಿಸಿಲನ್ನೇ ತೂಗುವ ತಕ್ಕಡಿ ಯಾವುದು?

ಫ್ರಾನ್ಸಿನ ಪೂಯೆ ಎಂಬ ವಿಜ್ಞಾನಿ 1830ರ ದಶಕದಲ್ಲಿ ಕಪ್ಪು ಬಳಿದ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಸೂರ್ಯನಿಗೆ ಒಡ್ಡಿದನು. ಎಷ್ಟು ಹೊತ್ತಿಗೆ ನೀರು ಎಷ್ಟು ಕಾಯಿತೆಂಬುದೇ ಅವನ ಅಳತೆ. 1853ರಲ್ಲಿ ಕ್ಯಾಂಬೆಲ್ ಗಾಜಿನ ಗುಂಡನ್ನು ಬಳಕೆಗೆ ತಂದನು; 1879ರಲ್ಲಿ ಸ್ಟೋಕ್ಸ್ ಅದನ್ನು ಸುಧಾರಿಸಿ, ಗುಂಡಿನ ಹಿಂದೆ ಕಾಗದದ ಪಟ್ಟಿಯನ್ನು ಇರಿಸಿದನು. ಬಿಸಿಲು ಸರಿದಂತೆ ಪಟ್ಟಿಯ ಮೇಲೆ ಸುಟ್ಟ ಗೆರೆ ಮೂಡುತ್ತದೆ. ಆದರೆ ಅದು ಬಿಸಿಲಿದ್ದ ಹೊತ್ತನ್ನು ಹೇಳುವುದೇ ಹೊರತು ಬಿಸಿಲಿನ ಬಲವನ್ನಲ್ಲ. ಸ್ವೀಡನ್ನಿನ ಆಂಗ್‌ಸ್ಟ್ರಾಮ್ 1893ರಲ್ಲಿ ಜಾಣ್ಮೆಯ ಉಪಾಯವೊಂದನ್ನು ಕಂಡುಹಿಡಿದನು. ಎರಡು ಕಪ್ಪು ಲೋಹದ ಪಟ್ಟಿಗಳಲ್ಲಿ ಒಂದಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು. ನೆರಳಿನ ಪಟ್ಟಿಗೆ ವಿದ್ಯುತ್ತನ್ನು ಹರಿಸಿ ಎರಡೂ ಸಮನಾಗಿ ಕಾಯುವಂತೆ ಮಾಡಿದರೆ, ಬೇಕಾದ ವಿದ್ಯುತ್ತಿನಿಂದ ಬಿಸಿಲಿನ ಬಲ ತಿಳಿಯುತ್ತದೆ. ಇದು ನಿಜಕ್ಕೂ ತಕ್ಕಡಿಯೇ.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನೆಲೆ ಒದಗಿಸಿದವರಲ್ಲಿ ಅನ್ನಾ ಮಣಿಯವರದು ದೊಡ್ಡ ಹೆಸರು. 1918ರಲ್ಲಿ ಪೀರುಮೇಡಿನಲ್ಲಿ ಹುಟ್ಟಿದ ಅವರು 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಪರೀಕ್ಷಿಸಿದರು. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟ್ ದೊರೆಯಲಿಲ್ಲ. ಲಂಡನ್ನಿನಲ್ಲಿ ಹವಾಮಾನದ ಉಪಕರಣಗಳನ್ನು ಅಭ್ಯಾಸಮಾಡಿ, 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ದೇಶದಲ್ಲಿ ಹರಡಿದರು. ಪರದೇಶದಿಂದ ತರಿಸುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ಮಾಡಿಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂಬುದು ಅವರ ನಂಬಿಕೆ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿ, ದೇಶದ ಸೌರವಿಕಿರಣದ ಅಂಕಿಅಂಶಗಳ ಗ್ರಂಥಗಳನ್ನು 1980 ಮತ್ತು 1981ರಲ್ಲಿ ಹೊರತಂದರು. 2001ರಲ್ಲಿ ತೀರಿಕೊಂಡರು.

ಇಂದು ಮಾಪಕವನ್ನು ಆರಿಸುವವರ ಮುಂದೆ ಮುಖ್ಯವಾಗಿ ಮೂರು ಬಗೆಗಳಿವೆ. ಬೀದಿದೀಪವನ್ನು ತಾನಾಗಿ ಹೊತ್ತಿಸುವ ಅಗ್ಗದ ಬೆಳಕಿನ ಗ್ರಾಹಕ ಮೊದಲನೆಯದು. ಕತ್ತಲೆ ಬೆಳಕುಗಳ ಭೇದಕ್ಕೆ ಅದು ಸಾಕು, ಅಳತೆಗೆ ಸಲ್ಲದು. ಎರಡನೆಯದು ಸಿಲಿಕಾನಿನ ಕೋಶ. ಮೋಡ ಸರಿದ ಕ್ಷಣದಲ್ಲೇ ಅದು ಉತ್ತರ ಕೊಡುತ್ತದೆ. ಆದರೆ ಬಿಸಿಲಿನ ಎಲ್ಲ ಕಿರಣಗಳಿಗೂ ಒಂದೇ ಸಮನಾಗಿ ಸ್ಪಂದಿಸದು. ಸೌರಫಲಕವೂ ಸಿಲಿಕಾನಿನದೇ ಆದುದರಿಂದ ಫಲಕದ ಕೆಲಸವನ್ನು ಪರೀಕ್ಷಿಸಲು ಇದು ತಕ್ಕುದು. ಮೂರನೆಯದು ಗಾಜಿನ ಗುಮ್ಮಟದ ಕೆಳಗೆ ಕಪ್ಪು ತಟ್ಟೆಯಿರುವ ಪೈರನೋಮೀಟರ್. ತಟ್ಟೆಯ ಕಾವಿನಿಂದ ಹುಟ್ಟುವ ಅಲ್ಪ ವಿದ್ಯುತ್ತೇ ಅದರ ಅಳತೆ. ಅದು ನಿಧಾನ, ಬೆಲೆಯೂ ಹೆಚ್ಚು. ಆದರೆ ಆಕಾಶದಿಂದ ಬೀಳುವ ಒಟ್ಟು ಸೌರಶಕ್ತಿಯನ್ನು ನಂಬುವಂತೆ ಹೇಳುತ್ತದೆ. ನಿರ್ಮಲ ನಡುಹಗಲಿನಲ್ಲಿ ಅದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ತೋರಿಸುತ್ತದೆ. ವಾಯುಮಂಡಲದ ಆಚೆಗೆ ಆ ಬಲ ಸುಮಾರು 1361.

ಯಾವುದನ್ನೇ ಕೊಂಡರೂ ಗಾಜಿನ ಮೇಲಿನ ಧೂಳನ್ನು ಒರೆಸಬೇಕು. ಕಾಲಕಾಲಕ್ಕೆ ಪ್ರಮಾಣಿತ ಮಾಪಕದೊಡನೆ ಹೋಲಿಸಿ ಸರಿಪಡಿಸಬೇಕು. ಇದು ಪ್ರಯೋಗಶಾಲೆಯ ಮಡಿವಂತಿಕೆಯಲ್ಲ. ಮಾಪಕ ನೂರಕ್ಕೆ ಹತ್ತರಷ್ಟು ಹೆಚ್ಚು ತೋರಿತೆನ್ನಿ. ಅದನ್ನು ನಂಬಿ ಕೂರಿಸಿದ ಸೌರಪಂಪು ಎಣಿಸಿದಷ್ಟು ನೀರನ್ನು ಎತ್ತಲಾರದು. ಆಗ ನಿಂಬೆಯ ತೋಟದ ಕೊನೆಯ ಸಾಲು ಒಣಗೀತು. ಕನ್ನೊಳ್ಳಿಯ ಸೀಮೆಗೆ ಮಳೆ ಕೈಕೊಟ್ಟರೂ ಬಿಸಿಲು ಕೈಕೊಡುವುದಿಲ್ಲ. ಆ ಸಂಪತ್ತನ್ನು ಬಳಸುವ ಮುನ್ನ ಅದನ್ನು ಸರಿಯಾಗಿ ತೂಗುವುದನ್ನು ಕಲಿಯೋಣ.