ಪುತ್ತೂರು ಸುಳ್ಯ ಸೀಮೆಯ ರಬ್ಬರು ತೋಟಗಳೂ ಕರ್ಮಕೌಶಲವೂ

ಪಾಣಿನೀಯ ವ್ಯಾಕರಣದಲ್ಲಿ ಕ್ರಿಯೆಯನ್ನು ಮಾಡುವವನು ಬೇರೆ, ಅದರಲ್ಲಿ ನುರಿತ ಶಿಲ್ಪಿಯು ಬೇರೆ. ಎರಡನೆಯವನಿಗೆ ಪ್ರತ್ಯೇಕವಾದೊಂದು ಪ್ರತ್ಯಯವು ವಿಹಿತವಾಗಿದೆ. ಆ ಪ್ರತ್ಯಯವು ಯಾವ ಧಾತುಗಳಿಗೆ ಸಲ್ಲುವುದೆಂದು ಪರಿಗಣಿಸಿದ ವಾರ್ತಿಕವು ನರ್ತಕ ರಜಕರೊಡನೆ ಖನಕನನ್ನೂ, ಎಂದರೆ ನೆಲವನ್ನು ಅಗೆಯುವವನನ್ನೂ, ಸೇರಿಸಿಕೊಂಡಿದೆ. ಅಗೆತವೂ ಶಿಲ್ಪವೆಂಬುದನ್ನು ವೈಯಾಕರಣರು ಬಲ್ಲವರಾಗಿದ್ದರು. ಈಚಿನ ರಾಜನೀತಿಯು ಇದನ್ನು ಮರೆತುದಕ್ಕೆ ದಕ್ಷಿಣ ಕನ್ನಡದ ರಬ್ಬರು ತೋಟಗಳು ಸಾಕ್ಷಿಯಾಗಿವೆ.

೧೯೬೪ನೆಯ ಅಕ್ಟೋಬರ್ ೩೦ರಂದು ಲಾಲ್ ಬಹಾದುರ್ ಶಾಸ್ತ್ರಿಗಳೂ ಸಿರಿಮಾವೊ ಬಂಡಾರನಾಯಿಕೆಯವರೂ ಮಾಡಿಕೊಂಡ ಒಪ್ಪಂದದಲ್ಲಿ, ಸಿಂಹಳದಲ್ಲಿದ್ದ ಭಾರತಮೂಲದ ೯,೭೫,೦೦೦ ಜನರ ಪೈಕಿ ೫,೨೫,೦೦೦ ಮಂದಿ ಭಾರತಕ್ಕೆ, ೩,೦೦,೦೦೦ ಮಂದಿ ಸಿಂಹಳಕ್ಕೆ ಎಂದು ವಿಭಾಗವಾಯಿತು. ಉಳಿದ ೧,೫೦,೦೦೦ ಮಂದಿಯನ್ನು ೧೯೭೪ರಲ್ಲಿ ಸಮಪಾಲು ಮಾಡಲಾಯಿತು. ಎಣಿಸಿದ್ದು ತಲೆಗಳನ್ನು, ಕೈಗಳಲ್ಲಿದ್ದ ವಿದ್ಯೆಯು ಲೆಕ್ಕಕ್ಕೆ ಬರಲಿಲ್ಲ.

ಆ ವಿದ್ಯೆಯು ಬಹುಮಟ್ಟಿಗೆ ಚಹಾದ್ದು. ಇವರ ಹಿರಿಯರು ತಮಿಳುನಾಡಿನಿಂದ ಕಡಲು ದಾಟಿ ಹೋದುದು ಕಾಫಿಯ ಕೆಲಸಕ್ಕೆ. ೧೮೬೯ರಲ್ಲಿ ಕಾಣಿಸಿಕೊಂಡ ಎಲೆರೋಗವು ಕಾಫಿಯನ್ನು ಅಳಿಸಿದ ಮೇಲೆ ಅದೇ ಬೆಟ್ಟಗಳಲ್ಲಿ ಚಹಾ ಹಬ್ಬಿತು. ಎರಡು ಎಲೆ ಒಂದು ಕುಡಿಯನ್ನು ನೋಡದೆಯೇ ಚಿವುಟುವ ಬೆರಳುಗಳು ತಯಾರಾದವು. ತಮಿಳುನಾಡು ಸರಕಾರವು ೧೯೬೮ರಿಂದ ನೀಲಗಿರಿಯಲ್ಲಿ ಚಹಾ ತೋಟಗಳನ್ನೇ ಮಾಡಿ ಮರಳಿ ಬಂದವರನ್ನು ನಿಲ್ಲಿಸಿತು. ಅದು ವಿವೇಕದ ಕೆಲಸ. ಪುತ್ತೂರು ಸುಳ್ಯಗಳಿಗೆ ಬಂದವರ ಪಾಲಿಗೆ ದೊರೆತುದು ರಬ್ಬರು. ೧೯೭೧ರಲ್ಲಿ ಸ್ಥಾಪಿತವಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳಲ್ಲಿ ಕೆಲವು, ಈ ಎರಡು ತಾಲೂಕುಗಳ ಗ್ರಾಮಗಳಿಂದ ಮುಂದೆ ರಚಿತವಾದ ಕಡಬ ತಾಲೂಕಿಗೆ ಸೇರಿವೆ.

ರಬ್ಬರು ಚಹಾದ ನೆಂಟನಲ್ಲ. ನೆಟ್ಟು ಸುಮಾರು ೭ ವರ್ಷವಾಗಿ ಕಾಂಡದ ಸುತ್ತಳತೆಯು ೫೦ ಸೆಂಟಿಮೀಟರು ತುಂಬಿದಾಗ ಮಾತ್ರ ಮರಕ್ಕೆ ಕತ್ತಿ ತಾಗಬೇಕು. ತೊಗಟೆಯೊಳಗಿನ ಹಾಲಿನ ನಾಳಗಳು ಓರೆಯಾಗಿ ಬಲಕ್ಕೆ ಏರುವುದರಿಂದ ಗೀರು ಎಡದಿಂದ ಬಲಕ್ಕೆ ಇಳಿಯಬೇಕು. ಒಳಗಡೆ ಸುಮಾರು ಒಂದು ಮಿಲಿಮೀಟರಿನಷ್ಟು ತೊಗಟೆ ಉಳಿಯಲೇಬೇಕು. ಕಡಿಮೆ ಕೊಯ್ದರೆ ಹಾಲು ಇಳಿಯದು, ಹೆಚ್ಚು ಕೊಯ್ದರೆ ಮರಕ್ಕೆ ಗಾಯವಾಗಿ ಗಂಟು ಕಟ್ಟುವುದು. ಇಷ್ಟನ್ನೂ ಮಸುಕು ಬೆಳಕಿನಲ್ಲಿಯೇ ಮಾಡಬೇಕು, ಬಿಸಿಲೇರಿದರೆ ಹಾಲಿನ ಹರಿವು ಕುಂದುತ್ತದೆ. ಇಂತಹ ಕೈಯನ್ನು ಸಾಮಾನ್ಯ ಕೂಲಿಯ ಕೈಯೆನ್ನುವುದು ಶಬ್ದದ ಅಪಪ್ರಯೋಗವೇ ಸರಿ.

ಸಿಂಹಳದಲ್ಲಿ ರಬ್ಬರು ತೋಟಗಳೂ ಇದ್ದುವಲ್ಲವೆ, ಕಾಫಿಯವರು ಚಹಾವನ್ನು ಕಲಿತಂತೆ ಇವರೂ ಕಲಿತರಲ್ಲವೆ ಎಂದು ಪೂರ್ವಪಕ್ಷ ಹುಟ್ಟಬಹುದು. ದಿಟ, ಕಲಿತರು, ಕಲಿತುದರಿಂದಲೇ ತೋಟಗಳು ನಡೆದುವು. ಆದರೆ ಆ ಕಲಿಕೆಯ ಬೆಲೆಯನ್ನು ತೆತ್ತವರು ಯಾರೆಂಬುದೇ ಪ್ರಶ್ನೆ. ನುಡಿ ಬೇರೆ, ಮಳೆ ಬೇರೆ, ಕತ್ತಿ ಹೊಸದು. ಚಿಗುರು ಕೊಯ್ಯುವುದರಲ್ಲಿ ನಿಪುಣರಾಗಿದ್ದ ಹೆಂಗಸರು ಆ ನೈಪುಣ್ಯವನ್ನು ಕೊಳ್ಳುವವರೇ ಇಲ್ಲದ ಊರಿನಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಸುತ್ತಲಿನ ಅಡಕೆಯ ತೋಟಗಳಿಗೋ ಮರವೇರಬಲ್ಲ, ಬೋರ್ಡೋ ದ್ರಾವಣ ಸಿಂಪಡಿಸಬಲ್ಲ ಬೇರೆಯೇ ಶಿಲ್ಪಿಗಳು ಬೇಕು.

ಈಗ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಶಾಲೆ ಓದಿ ಅನ್ಯವೃತ್ತಿಗಳನ್ನು ಹಿಡಿದಿದ್ದಾರೆ. ನಸುಕಿನಲ್ಲಿ ಎದ್ದು ಕತ್ತಿ ಹಿಡಿಯುವವರು ವಿರಳರಾಗಿ, ಟ್ಯಾಪಿಂಗ್ ಬಲ್ಲವರಿಲ್ಲವೆಂಬ ಮಾತು ಈ ಸೀಮೆಯ ತೋಟಗಳಲ್ಲಿ ಕೇಳಿಬರುತ್ತಿದೆ. ಅದನ್ನು ಕಲಿಸಲು ರಬ್ಬರು ಮಂಡಳಿಯು ತರಬೇತಿ ನಡೆಸುತ್ತದೆ, ಪ್ರಮಾಣಪತ್ರವನ್ನೂ ಕೊಡುತ್ತದೆ. ಕಡಲಾಚೆಯಿಂದ ಬಂದ ಮೊದಲ ಪೀಳಿಗೆಯವರು ಅದೇ ಕೆಲಸವನ್ನು ಮಾಡಿದಾಗ ಅವರ ಹೆಸರು ಕೂಲಿಯಾಳುಗಳೆಂದೇ ಇದ್ದಿತು.